ಬಾರಿನ ಶಟರ್ ಹನ್ನೊಂದೂವರೆ ದಾಟಬೇಕೆಂದರೆ

ಹಳೇ ಬಾಗಲಕೋಟೆಯ ಪೇಟೆಯಲ್ಲಿ ನನ್ನದೊಂದು ಬಾರ್ ಇದೆ. ಹತ್ತು ಟೇಬಲ್ಲು, ಹಿಂದೆ ಸಣ್ಣ ಅಡುಗೆಮನೆ. ರಾತ್ರಿ ಹನ್ನೊಂದೂಕಾಲಾದರೆ ದಿನಾ ಒಂದೇ ಮಾತು: "ಅಣ್ಣಾರ, ಇನ್ನೊಂದು ನೈಂಟಿ ಅಷ್ಟರೀ, ಹತ್ತು ನಿಮಿಷದಾಗ ಏಳ್ತೀನಿ." ಆ ಹತ್ತು ನಿಮಿಷವನ್ನು ಕಾಯಂ ಮಾಡಿಸಿಕೊಳ್ಳೋಣ ಎಂದು ನಾನು ಒಂದು ವರ್ಷ ಓಡಾಡಿದೆ. ಹೊಸದಾಗಿ ಬಾರ್ ಹಿಡಿದವರೂ ಮುಚ್ಚುವ ಸಮಯ ಹೆಚ್ಚಿಸಿಕೊಳ್ಳುವುದು ಹೇಗೆ ಎಂದೇ ಕೇಳುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಸನ್ನದು, ಅಂದರೆ ಲೈಸೆನ್ಸ್, ತೆಗೆದು ಓದಿ. ಗೋಡೆಗೆ ಫ್ರೇಮ್ ಹಾಕಿ ತೂಗುಹಾಕಿರುತ್ತೀರಿ, ಆದರೆ ಓದಿರುವುದಿಲ್ಲ. ನನ್ನದು ಸಿಎಲ್-9, ಅಂದರೆ ಬಾರ್ ಮತ್ತು ರೆಸ್ಟೋರೆಂಟ್ ಸನ್ನದು. ಬೆಳಿಗ್ಗೆ 10ರಿಂದ ರಾತ್ರಿ 11:30. ಈ ಸಮಯ ಸರ್ಕಾರದ ನಿಯಮದಿಂದ ಬಂದದ್ದು. ಸ್ಥಳೀಯ ಅಧಿಕಾರಿ ಒಬ್ಬ ಬಾರಿನವನಿಗೆ ಅಂತ ಅರ್ಧ ಗಂಟೆ ಹೆಚ್ಚಿಗೆ ಬರೆದುಕೊಡುವ ಹಾಗಿಲ್ಲ. "ನಾನು ಮಾಡಿಸಿಕೊಡ್ತೀನಿ" ಎಂದು ಯಾರಾದರೂ ಬಂದರೆ ಚಹಾ ಕುಡಿಸಿ ಕಳಿಸಿ. ದುಡ್ಡು ಮಾತ್ರ ಕೊಡಬೇಡಿ.

ಸುಮ್ನೆ ಶಟರ್ ಅರ್ಧ ಇಳಿಸಿ ಒಳಗೆ ನಡೆಸೋಣ ಅಂತೀರಾ? ನನ್ನ ಕತೆ ಕೇಳಿ. ಒಂದು ರಾತ್ರಿ 12ರ ಹೊತ್ತು. ಗಿರಾಕಿ ಯಾರೂ ಇರಲಿಲ್ಲ. ಹುಡುಗರು ರೊಟ್ಟಿ, ಪುಂಡಿ ಪಲ್ಲೆ ಇಟ್ಟುಕೊಂಡು ಉಣ್ಣುತ್ತಿದ್ದರು. ಪಕ್ಕದ ಟೇಬಲ್ಲಿನಲ್ಲಿ ಯಾರೋ ಬಿಟ್ಟುಹೋದ ಅರ್ಧ ಬಿಯರ್ ಬಾಟಲಿ ಹಾಗೇ ಇತ್ತು. ಗಸ್ತಿನವರು ಬಂದು ಫೋಟೊ ತೆಗೆದರು. ಫೋಟೊದಲ್ಲಿ ರೊಟ್ಟಿ ಬೀಳಲಿಲ್ಲ, ಬಾಟಲಿ ಬಿತ್ತು. ನೋಟಿಸ್ ಬಂತು. ಕೊನೆಯ ಬಿಲ್ಲಿನ ಮೇಲೆ 11:14 ಎಂದು ಅಚ್ಚಾಗಿತ್ತು, ಅದೊಂದೇ ನನ್ನನ್ನು ಉಳಿಸಿತು. ಸನ್ನದಿನ ಷರತ್ತು ಮುರಿದರೆ ಅಬಕಾರಿ ಕಾಯ್ದೆಯ 29ನೇ ಕಲಂ ಪ್ರಕಾರ ಸನ್ನದನ್ನೇ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಅಂದಿನಿಂದ ಟೇಬಲ್ ಪೂರ್ತಿ ಒರೆಸದೆ ಹುಡುಗರಿಗೆ ತಾಟು ಹಾಕುವುದಿಲ್ಲ. ಬಿಲ್ ಮಷೀನಿನ ಗಡಿಯಾರವನ್ನು ವಾರಕ್ಕೊಮ್ಮೆ ಫೋನಿನ ಟೈಮಿಗೆ ಹೊಂದಿಸುತ್ತೇನೆ.

"ಬೆಂಗಳೂರಿನಾಗ ಒಂದರ ತನಕ ಐತಲ್ರೀ" ಎನ್ನುವವರಿದ್ದಾರೆ. ನಿಜ. 2024ರ ಬಜೆಟ್‌ನಲ್ಲಿ ಬೆಂಗಳೂರು ಮತ್ತು ಬೇರೆ 10 ಮಹಾನಗರ ಪಾಲಿಕೆಗಳಲ್ಲಿ ವ್ಯಾಪಾರ ರಾತ್ರಿ 1ರವರೆಗೆ ಎಂದರು. ಆಗ ನಮ್ಮೂರು ನಗರಸಭೆ. ನಮಗೆ ಆ ಮಾತು ಹತ್ತಲಿಲ್ಲ. ಆದರೆ ಕೇಳುವುದಕ್ಕೆ ಒಂದು ದಾರಿ ಸಿಕ್ಕಿತು.

ದಾರಿ ಎಂದರೆ ಮನವಿ. ಒಬ್ಬರೇ ಬರೆಯಬೇಡಿ. ಊರಿನ ನಾಲ್ಕು ಬಾರಿನವರು, ಸಾಧ್ಯವಾದರೆ ಜಿಲ್ಲೆಯ ಸನ್ನದುದಾರರೆಲ್ಲ ಸೇರಿ ಬರೆಯಿರಿ. ಅಬಕಾರಿ ಆಯುಕ್ತರಿಗೊಂದು, ಹಣಕಾಸು ಇಲಾಖೆಗೊಂದು, ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೊಂದು ಪ್ರತಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಏಳಬೇಡಿ. ಜೂನ್‌ನಲ್ಲಂತೂ ಹೋಗಲೇಬೇಡಿ. ಸನ್ನದಿನ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಎಲ್ಲರೂ ನವೀಕರಣದ ಗದ್ದಲದಲ್ಲಿರುತ್ತಾರೆ. ಸರ್ಕಾರ ನಿಯಮ ತಿದ್ದಲು ಕರಡು ಹೊರಡಿಸಿ ಆಕ್ಷೇಪಣೆ, ಸಲಹೆ ಕೇಳಿದರೆ ಅವಧಿಯೊಳಗೆ ಮತ್ತೆ ಬರೆಯಿರಿ. ಆಗಿನ ಕಾಗದಕ್ಕೆ ಬೆಲೆ ಜಾಸ್ತಿ.

ಮನವಿಯಲ್ಲಿ ಏನು ಬರೆಯಬೇಕು? "ಗಿರಾಕಿಗಳು ಕೇಳುತ್ತಾರೆ" ಎಂದರೆ ಯಾರೂ ಓದುವುದಿಲ್ಲ. ನಾನು ಗಲ್ಲೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಹನ್ನೊಂದರ ಮೇಲೆ ಬಂದು ವಾಪಸ್ ಹೋದವರಿಗೆ ಒಂದೊಂದು ಗೀಟು. ಒಂದು ತಿಂಗಳಿಗೆ 64 ಗೀಟು. ಅದರಲ್ಲಿ 41 ಶನಿವಾರದವೇ! ಉಳಿದ ದಿನ ದಿನಕ್ಕೊಂದೂ ಸರಿಯಾಗಿ ಇಲ್ಲ. ಅದನ್ನು ನೋಡಿ ನನಗೇ ನಗು ಬಂತು. ದಿನಾ ಒಂದು ಗಂಟೆ ಬೇಕು ಎಂದು ಕೇಳಲು ಹೊರಟಿದ್ದೆ. ಬೇಕಾಗಿದ್ದು ಶನಿವಾರ ಮಾತ್ರ. ಮನವಿಯನ್ನು ಹಾಗೇ ತಿದ್ದಿದೆ.

ಖರ್ಚೂ ಕೂಡಿಸಿ ನೋಡಿ. ಹುಡುಗರಿಗೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಕೆಲಸ. ಮೇಲಿನದಕ್ಕೆ ಎರಡು ಪಟ್ಟು ಕೂಲಿ, ಅದೂ ಮೂರು ತಿಂಗಳಿಗೆ 50 ತಾಸು ಮೀರುವ ಹಾಗಿಲ್ಲ. ದಿನಾ ಒಂದು ತಾಸು ಎಳೆದರೆ ಆ 50 ಎಲ್ಲಿಗೆ ಸಾಕು? ಇನ್ನೊಬ್ಬನನ್ನು ಇಟ್ಟುಕೊಳ್ಳಲೇಬೇಕು.

ಮೇಲಿನ ಮನೆಯವರನ್ನು ಮರೆಯಬೇಡಿ. ನನ್ನ ಮಹಡಿಯ ಮೇಲೆ ಒಬ್ಬ ಅಮ್ಮ ಇದ್ದಾರೆ. ಟೈಮ್ ಜಾಸ್ತಿ ಕೇಳುತ್ತಿದ್ದೇವೆ ಎಂದು ಹೇಳಲು ಹೋದರೆ, "ಕುಡಿಯೋರ ಕಾಟ ಇಲ್ಲಪ್ಪಾ, ನಿನ್ನ ಶಟರ್‌ದೇ ಕಾಟ" ಎಂದರು. ಕೂತು ಕೇಳಿದೆ, ಹೌದು! ಟಿನ್ನಿನ ಮೇಲೆ ಕಲ್ಲು ಸುರಿದ ಹಾಗೆ. ಮರುದಿನವೇ ಗ್ರೀಸ್ ಹಾಕಿಸಿದೆ, ಕೆಳಗೆ ರಬ್ಬರ್ ಪಟ್ಟಿ ಬಡಿಸಿದೆ. ಪೇಟೆ ಪ್ರದೇಶದಲ್ಲಿ ರಾತ್ರಿ 10ರ ಮೇಲೆ ಶಬ್ದದ ಮಿತಿ 55 ಡೆಸಿಬಲ್. ಹಾಡಿನ ಬಾಕ್ಸನ್ನು ಹತ್ತಕ್ಕೇ ಬಂದ್ ಮಾಡಿದರೆ ದೂರು ಅರ್ಧ ಇಳಿಯುತ್ತದೆ.

ಮನವಿಗೆ ಇನ್ನೂ ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಶನಿವಾರ ಒಂಬತ್ತರಿಂದ ಒಬ್ಬ ಸಪ್ಲೈಯರ್ ಹೆಚ್ಚಿಗೆ. ಲಾಸ್ಟ್ ಆರ್ಡರನ್ನು ನಾನೇ ಹತ್ತು ಮುಕ್ಕಾಲಿಗೆ ಟೇಬಲ್ಲಿಗೆ ಹೋಗಿ ಕೇಳುತ್ತೇನೆ, ಅಡುಗೆಮನೆಯಲ್ಲಿ ಶೇಂಗಾ ಮಸಾಲಾ ಮೊದಲೇ ಹುರಿದು ಇಟ್ಟಿರುತ್ತಾರೆ. ಮೊನ್ನೆ ಶನಿವಾರ ಗೀಟು ನಾಲ್ಕೇ ಬಿದ್ದವು.