ಟ್ರೆಕ್ಕಲ್ಲಿ ಕಾಲಿಗೆ ಬೊಬ್ಬೆ ಬಂದ್ರೆ ಹೀಗೆ ಮಾಡಿ

ಕುಮಾರಪರ್ವತ ಅಂದ್ರೆ 1712 ಮೀಟರ್, ಹತ್ತೋವಾಗ ಹಿಮ್ಮಡಿ ಉಜ್ಜುತ್ತೆ ಇಳಿಯೋವಾಗ ಬೆರಳು ಶೂ ಮುಂದಕ್ಕೆ ಒತ್ತುತ್ತೆ, ಒದ್ದೆ ಸಾಕ್ಸ್ ಇದ್ರಂತೂ ಬೊಬ್ಬೆ ಬೇಗ ಬರುತ್ತೆ. ಉರಿ ಶುರುವಾದ ತಕ್ಷಣ ನಿಂತು ಕಾಲು ಒರೆಸಿ ಅಲ್ಲಿಗೆ ಟೇಪ್ ಹಾಕಿ, ದಯವಿಟ್ಟು ಮುಂದೂಡ್ಬೇಡಿ.

ಚಿಕ್ಕ ಬೊಬ್ಬೆ ಒಡೀಬೇಡಿ, ಒಳಗಿನ ಹೊಸ ಚರ್ಮಕ್ಕೆ ಅದೇ ರಕ್ಷಣೆ. ದೊಡ್ಡದಾಗಿ ನಡೆಯೋಕೇ ಆಗ್ತಿಲ್ಲ ಅಂದ್ರೆ ಕೈ ತೊಳ್ಕೊಂಡು, ಸೂಜೀನ ಸ್ಪಿರಿಟ್ಟಲ್ಲಿ ಒರೆಸಿ ಅಂಚಲ್ಲಿ ಚುಚ್ಚಿ ನೀರು ತೆಗೀರಿ, ಮೇಲಿನ ಚರ್ಮ ಮಾತ್ರ ಕೀಳ್ಬೇಡಿ, ವ್ಯಾಸಲೀನ್ ಹಚ್ಚಿ ಬ್ಯಾಂಡೇಜ್ ಹಾಕಿ ದಿನಾ ಬದಲಾಯಿಸಿ. ಶುಗರ್ ಇರೋರು ಚುಚ್ಚಲೇಬೇಡಿ, ಸೀದಾ ಡಾಕ್ಟರ್ ಹತ್ರ ಹೋಗಿ. ಕೀವು, ಜ್ವರ ಬಂದ್ರೆ, ಸುತ್ತ ಕೆಂಪು ಹರಡ್ತಿದ್ರೆ ಯಾರೇ ಆದ್ರೂ ತೋರಿಸ್ಕೊಳ್ಳಿ.