ಡಿಎನ್‌ಎ ವರದಿ ಕೈಗೆ ಬಂದಾಗ ಮೊದಲು ತಾರೀಖು ನೋಡಿ

ನಾನು ಆರೋಪಿಗಳ ಪರ ವಾದಿಸುವ ವಕೀಲ. ಚಾರ್ಜ್‌ಶೀಟ್ ಜೊತೆ ಡಿಎನ್‌ಎ ವರದಿ ಬಂದರೆ ನನ್ನ ಜೂನಿಯರ್‌ಗಳು ಸೀದಾ ಕೊನೇ ಪುಟ ತೆರೆಯುತ್ತಾರೆ. 'ಹೊಂದಾಣಿಕೆಯಾಗಿದೆ' ಅನ್ನೋ ಸಾಲು ಕಂಡ ತಕ್ಷಣ ಮುಖ ಬಾಡುತ್ತದೆ. ಆ ಪುಟ ಆಮೇಲೆ ಓದಿದರಾಯಿತು. ಮೊದಲು ಒಂದು ಬಿಳಿ ಹಾಳೆ ತಗೊಳ್ಳಿ.

ಸ್ಯಾಂಪಲ್ ತೆಗೆದದ್ದು ಯಾವತ್ತು, ಯಾರು? ಮಹಜರಿನಲ್ಲಿ ಎಷ್ಟು ಕವರ್, ಯಾವ ಸೀಲು? ಠಾಣೆಯಲ್ಲಿ ಎಷ್ಟು ದಿನ ಇತ್ತು? ಎಲ್ಲವನ್ನೂ ತಾರೀಖಿನ ಪ್ರಕಾರ ಬರೆಯಿರಿ. ನನ್ನದೇ ಒಂದು ಕೇಸಿನಲ್ಲಿ ಮಹಜರು 6 ಕವರ್ ಅನ್ನುತ್ತಿತ್ತು, ಲ್ಯಾಬ್ ವರದಿ 7 ಅನ್ನುತ್ತಿತ್ತು. ಆ ಏಳನೆಯದು ಎಲ್ಲಿಂದ ಬಂತು ಅಂತ ತನಿಖಾಧಿಕಾರಿಗೆ ಹೇಳಲಾಗಲಿಲ್ಲ.

ದೆಹಲಿಯ ಛಾವ್ಲಾ ಅತ್ಯಾಚಾರ-ಕೊಲೆ ಕೇಸಿನಲ್ಲಿ 2012ರ ಫೆಬ್ರವರಿ 14 ಮತ್ತು 16ರಂದು ತೆಗೆದ ಸ್ಯಾಂಪಲ್‌ಗಳು ಲ್ಯಾಬ್‌ಗೆ ಹೋದದ್ದು 27ಕ್ಕೆ. ಅಲ್ಲಿಯವರೆಗೆ ಠಾಣೆಯ ಮಾಲ್‌ಖಾನೆಯಲ್ಲಿ, ಅಂದರೆ ವಶಪಡಿಸಿಕೊಂಡ ವಸ್ತು ಇಡುವ ಕೋಣೆಯಲ್ಲಿದ್ದವು. ಗಲ್ಲು ಶಿಕ್ಷೆಯಾಗಿದ್ದ ಮೂವರನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಖುಲಾಸೆ ಮಾಡಿದಾಗ ಇದನ್ನೂ ಎತ್ತಿ ಹೇಳಿತು. 2025ರ ತೀರ್ಪೊಂದರಲ್ಲಿ ಅದೇ ಕೋರ್ಟ್, ಸ್ಯಾಂಪಲ್ 48 ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು, ತಡವಾದರೆ ಕಾರಣ ಬರೆದಿಡಬೇಕು ಎಂದಿದೆ. ಆ ಕಾರಣ ಕೇಸ್ ಡೈರಿಯಲ್ಲಿ ಇದೆಯಾ ಅಂತ ಕೇಳಲೇಬೇಕು.

ಆಮೇಲೆ, ಸ್ಯಾಂಪಲ್ ತೆಗೆದ ಕೋಣೆಯಲ್ಲಿ ಅದಕ್ಕೆ ಮುಂಚೆ ಏನು ನಡೆದಿತ್ತು ಅಂತ ಕೇಳಿ. ಇದನ್ನು ಕೇಳದೇ ಹೋಗಿದ್ದರಿಂದ ಮೆಲ್ಬರ್ನ್‌ನಲ್ಲಿ ಒಬ್ಬ ಸೊಮಾಲಿ ಹುಡುಗ ಜೈಲಿಗೆ ಹೋದ. 2006ರಲ್ಲಿ ನೈಟ್‌ಕ್ಲಬ್ಬೊಂದರ ಟಾಯ್ಲೆಟ್‌ನಲ್ಲಿ ಒಬ್ಬ ಮಹಿಳೆ ಪ್ರಜ್ಞೆ ತಪ್ಪಿ ಸಿಕ್ಕಿದ್ದರು. ಅತ್ಯಾಚಾರದ ಶಂಕೆಯಿಂದ ತೆಗೆದ ಅವರ ಸ್ಯಾಂಪಲ್‌ನಲ್ಲಿ ಈ ಹುಡುಗನ ಡಿಎನ್‌ಎ ಸಿಕ್ಕಿತು. ಅಲ್ಲಿ ಅವನನ್ನು ಕಂಡವರು ಒಬ್ಬರೂ ಇಲ್ಲ. ಕಾಯಿಲೆ ಬಿದ್ದ ಅಪ್ಪನ ಪಕ್ಕ ಕೂತಿದ್ದೆ ಅಂತ ಅವನು ಹೇಳುತ್ತಲೇ ಇದ್ದ. ಯಾರೂ ನಂಬಲಿಲ್ಲ, 2008ರಲ್ಲಿ 6 ವರ್ಷ ಶಿಕ್ಷೆಯಾಯಿತು. ಆಮೇಲೆ ಗೊತ್ತಾದದ್ದು: ಸುಮಾರು 28 ಗಂಟೆ ಮುಂಚೆ, ಅದೇ ಡಾಕ್ಟರು ಅದೇ ಕೋಣೆಯಲ್ಲಿ ಇನ್ನೊಬ್ಬ ಮಹಿಳೆಯ ಸ್ಯಾಂಪಲ್ ತೆಗೆದಿದ್ದರು. ಅದರಲ್ಲಿ ಇವನ ಡಿಎನ್‌ಎ ಇತ್ತು. ಒಂದರಿಂದ ಇನ್ನೊಂದಕ್ಕೆ ತಗುಲಿತ್ತು, ಅಷ್ಟೇ. 2009ರ ಡಿಸೆಂಬರ್‌ನಲ್ಲಿ ಅವನು ಹೊರಬಂದ. ಡಿಎನ್‌ಎ ಯಾರದು ಅಂತ ವರದಿ ಹೇಳುತ್ತದೆ, ಅಲ್ಲಿಗೆ ಹೇಗೆ ಬಂತು ಅಂತ ಹೇಳುವುದಿಲ್ಲ. ಇದನ್ನು ಜಡ್ಜ್ ಮುಂದೆ ಎಷ್ಟು ಸಲ ಬೇಕಾದರೂ ಹೇಳಿ.

ಇನ್ನು ಕೊನೇ ಪುಟದ ಸಂಖ್ಯೆ, ಅಂದರೆ ಈ ಡಿಎನ್‌ಎ ಎಷ್ಟು ಜನರಲ್ಲಿ ಒಬ್ಬರಿಗೆ ಹೊಂದುತ್ತದೆ ಅನ್ನೋ ಲೆಕ್ಕ. ಸ್ಯಾಂಪಲ್‌ನಲ್ಲಿ ಇಬ್ಬರು ಮೂವರ ಡಿಎನ್‌ಎ ಬೆರೆತಿದ್ದರೆ ಅದನ್ನು ಸುಮ್ನೆ ಒಪ್ಪಬೇಡಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ 16ರ ಹುಡುಗನೊಬ್ಬನ ಕೇಸಿನಲ್ಲಿ '6,94,000 ಜನರಲ್ಲಿ ಒಬ್ಬ' ಅಂತ ಲ್ಯಾಬ್ ಹೇಳಿತ್ತು. ಬೇರೆ ತಜ್ಞರು ಲೆಕ್ಕ ಹಾಕಿದಾಗ ಅದು ಸುಮಾರು 15ರಲ್ಲಿ ಒಬ್ಬ! ನಾಲ್ಕು ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿದ್ದು 2003ರಲ್ಲಿ ಬಿಡುಗಡೆಯಾದ.

ಸರ್ಕಾರಿ ತಜ್ಞರ ವರದಿ ಅವರು ಕೋರ್ಟಿಗೆ ಬರದೆಯೇ ಸಾಕ್ಷ್ಯವಾಗಬಹುದು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 329ರ ಅಡಿ ಅರ್ಜಿ ಹಾಕಿ, ಅವರನ್ನು ಕರೆಸಿ. ಲ್ಯಾಬ್‌ನ ಪರೀಕ್ಷೆಯ ಗ್ರಾಫ್ ಹಾಳೆ, ವರ್ಕ್‌ಶೀಟ್ ಎಲ್ಲ ಮೊದಲೇ ತರಿಸಿಕೊಳ್ಳಿ. ಪಾಟೀಸವಾಲಿಗೆ ನಿಂತಾಗ ಆ ಬಿಳಿ ಹಾಳೆ ಕೈಯಲ್ಲಿರಲಿ.