ಹಳೆ ಮೇಲ್ ಸರ್ವರಿಗೆ ಹೊಸ ವೆಬ್‌ಮೇಲ್, ಜೊತೆಗೊಂದು ಕ್ಯಾಲೆಂಡರ್

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಮತ್ತು ರಫ್ತು ಸಂಸ್ಥೆಯಲ್ಲಿ ಕಂಪ್ಯೂಟರ್ ಕೆಲಸ ಅಂತ ಏನಿದೆಯೋ ಅದೆಲ್ಲ ನನ್ನ ತಲೆಗೆ. ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡರೂ ನನಗೇ ಫೋನು, ಮೇಲ್ ಸರ್ವರ್ ನಿಂತರೂ ನನಗೇ ಫೋನು. ಎಂಬತ್ತರ ಹತ್ತಿರ ಮೇಲ್ ಐಡಿಗಳಿವೆ. ಅರ್ಧ ಆಫೀಸಿನವರದ್ದು. ಉಳಿದದ್ದು ಕೊಪ್ಪ, ಮೂಡಿಗೆರೆ, ಆಲ್ದೂರು ಕಡೆಯ ತೋಟಗಳ ಮ್ಯಾನೇಜರ್ ಮತ್ತು ಲೆಕ್ಕ ಬರೆಯುವ ರೈಟರ್‌ಗಳದ್ದು.

ಸರ್ವರ್ ಓಡುತ್ತಿದ್ದದ್ದು ಸೆಂಟ್‌ಓಎಸ್ 7 ಎಂಬ ಲಿನಕ್ಸಿನ ಮೇಲೆ. ಮೇಲ್ ಕಳಿಸಲು ಪೋಸ್ಟ್‌ಫಿಕ್ಸ್, ಪೆಟ್ಟಿಗೆ ನೋಡಿಕೊಳ್ಳಲು ಡವ್‌ಕಾಟ್, ಬ್ರೌಸರಿನಲ್ಲಿ ತೋರಿಸಲು ಸ್ಕ್ವಿರಲ್‌ಮೇಲ್. 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ಕ್ಕೆ ಅಪ್‌ಡೇಟ್ ಬರುವುದು ನಿಲ್ಲುತ್ತದೆ ಅಂತ ಮೊದಲೇ ಗೊತ್ತಿತ್ತು. ಸ್ಕ್ವಿರಲ್‌ಮೇಲ್ ಬರೆದಿರುವುದು ಪಿಎಚ್‌ಪಿ ಭಾಷೆಯಲ್ಲಿ, ಸೆಂಟ್‌ಓಎಸ್ ಜೊತೆ ಬರುವುದು ಅದರ 5.4 ಆವೃತ್ತಿ. ಅದಕ್ಕೆ ಮೂಲ ತಯಾರಕರ ಬೆಂಬಲ ನಿಂತದ್ದು 2015ರಲ್ಲೇ. ಇಂಟರ್ನೆಟ್ಟಿಗೆ ತೆರೆದಿಟ್ಟ ಸರ್ವರನ್ನು ಆ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಹಗ್ಗದ ಮೇಲಿನ ನಡಿಗೆಯೇ ಸರಿ.

"ಎಲ್ಲಾ ಎತ್ತಿ ಗೂಗಲ್‌ಗೆ ಹಾಕಿಬಿಡಿ, ತಲೆನೋವೇ ಇರಲ್ಲ" ಅಂದವರಿದ್ದರು. ತಪ್ಪು ಮಾತೇನಲ್ಲ. ಆದರೆ ದಿನಕ್ಕೆ ನಾಲ್ಕು ಮೇಲ್ ನೋಡುವ ರೈಟರಿಗೂ, ಇಡೀ ದಿನ ಮೇಲಿನಲ್ಲೇ ಇರುವ ಎಕ್ಸ್‌ಪೋರ್ಟ್ ವಿಭಾಗದವರಿಗೂ ತಿಂಗಳು ತಿಂಗಳು ತಲೆಗೆ ಒಂದೇ ಬಾಡಿಗೆ ಕಟ್ಟುವುದು ನಮ್ಮ ಲೆಕ್ಕಕ್ಕೆ ಕೂರಲಿಲ್ಲ. ಮೇಲ್ ನಮ್ಮಲ್ಲೇ ಇರಲಿ, ಮುಖ ಮಾತ್ರ ಬದಲಾಗಲಿ ಅಂತ ತೀರ್ಮಾನವಾಯಿತು.

ಸ್ಕ್ವಿರಲ್‌ಮೇಲ್ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. ನೋಡಲು ಚೆಂದ ಇರಲಿಲ್ಲ, ಆದರೆ ಜಾವಾಸ್ಕ್ರಿಪ್ಟ್ ಇಲ್ಲದೆಯೂ ಅದರ ಕೆಲಸ ನಡೆಯುತ್ತಿತ್ತು. ಜುಲೈ ತಿಂಗಳ ಮಳೆಯಲ್ಲಿ ಮರ ಬಿದ್ದು ಕೇಬಲ್ ಹರಿದು, ತೋಟದ ಆಫೀಸಿನಲ್ಲಿ ಮೊಬೈಲಿನ ಒಂದೇ ಒಂದು ಕಡ್ಡಿ ಸಿಗ್ನಲ್ ಉಳಿದಾಗಲೂ ಪುಟ ತೆರೆಯುತ್ತಿತ್ತು. "ಹಳೇದು ಚೆನ್ನಾಗೇ ಇತ್ತಲ್ವಾ ಸಾರ್" ಅಂತ ಒಬ್ಬ ರೈಟರ್ ಈಗಲೂ ಹೇಳುತ್ತಾರೆ. ಅವರ ಮಾತಲ್ಲಿ ಹುರುಳಿದೆ.

ಕನ್ನಡದ ವಿಷಯದಲ್ಲಿ ಮಾತ್ರ ಅದು ಕೈಕೊಡುತ್ತಿತ್ತು. ನಮ್ಮಲ್ಲಿ ಅದು ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗವಿರುವ ಯುಟಿಎಫ್-8 ಎನ್‌ಕೋಡಿಂಗಿಗೆ (ಅಕ್ಷರಗಳನ್ನು ಬೈಟುಗಳಾಗಿ ಇಡುವ ಪದ್ಧತಿಗೆ) ಹೊಂದಿಸಿದ್ದಾಗಿರಲಿಲ್ಲ, ಪಶ್ಚಿಮ ಯೂರೋಪಿನ ಅಕ್ಷರಗಳ ಹಳೆ ಎನ್‌ಕೋಡಿಂಗಿನಲ್ಲೇ ನಿಂತಿತ್ತು. ಆ ಪುಟದಲ್ಲಿ ಕೂತು ಯಾರಾದರೂ "ಕನ್ನಡ" ಅಂತ ಟೈಪ್ ಮಾಡಿದರೆ ಬ್ರೌಸರ್ ಬೇರೆ ದಾರಿಯಿಲ್ಲದೆ ಅದನ್ನು ಅಂಕಿಗಳಾಗಿ ಬದಲಿಸಿ ಕಳಿಸುತ್ತಿತ್ತು. ಓದುವವರಿಗೆ ಕಾಣುತ್ತಿದ್ದದ್ದು ಹೀಗೆ: &#3221;&#3240;&#3277;&#3240;&#3233;. ಹಾಗಾಗಿ ಜನ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದರು. ನುಡಿ ಫಾಂಟಿನಲ್ಲಿ ಬರೆದ ಹಳೆ ಅಟ್ಯಾಚ್‌ಮೆಂಟುಗಳದ್ದು ಬೇರೆ ಕಥೆ. ಅದಕ್ಕೆ ಯಾವ ವೆಬ್‌ಮೇಲೂ ಔಷಧಿಯಲ್ಲ.

ಹೊಸದಕ್ಕೆ ಎರಡು ಹೆಸರು ಮುಂದಿದ್ದವು: ರೌಂಡ್‌ಕ್ಯೂಬ್ ಮತ್ತು ಸೋಗೋ. ಬರೀ ಮೇಲ್ ಸಾಕು ಅನ್ನುವವರಿಗೆ ನಾನು ಇವತ್ತಿಗೂ ರೌಂಡ್‌ಕ್ಯೂಬನ್ನೇ ಹೇಳುತ್ತೇನೆ. 2019ರ 1.4 ಆವೃತ್ತಿಯಲ್ಲಿ ಬಂದ ಎಲಾಸ್ಟಿಕ್ ವಿನ್ಯಾಸದಿಂದ ಅದು ಮೊಬೈಲಿನಲ್ಲೂ ಚೆನ್ನಾಗಿ ಕೂರುತ್ತದೆ. ಆದರೆ ಅದರಲ್ಲಿ ಕ್ಯಾಲೆಂಡರ್ ಬೇಕೆಂದರೆ ಪ್ಲಗಿನ್ ಹಾಕಬೇಕು, ಫೋನಿಗೆ ಸಿಂಕ್ ಆಗಬೇಕೆಂದರೆ ಹಿಂದೆ ಇನ್ನೊಂದು ಸರ್ವರ್ ಕೂರಿಸಬೇಕು. ಸೋಗೋದಲ್ಲಿ ವೆಬ್‌ಮೇಲ್, ಕ್ಯಾಲೆಂಡರ್, ಅಡ್ರೆಸ್ ಬುಕ್ ಮೂರೂ ಒಂದೇ ಮನೆಯಲ್ಲಿವೆ. ಕ್ಯಾಲೆಂಡರನ್ನು ಫೋನಿಗೆ ಸಿಂಕ್ ಮಾಡುವ ಕ್ಯಾಲ್‌ಡ್ಯಾವ್ ಇದೆ, ಮೇಲನ್ನೂ ಕ್ಯಾಲೆಂಡರನ್ನೂ ಒಟ್ಟಿಗೇ ಸಿಂಕ್ ಮಾಡುವ ಆಕ್ಟಿವ್‌ಸಿಂಕ್ ಇದೆ. ನಮಗೆ ಬೇಕಿದ್ದದ್ದು ಕ್ಯಾಲೆಂಡರ್. ಸೋಗೋ ಹಿಡಿದೆ. ಡೆಬಿಯನ್ 12 ಎಂಬ ಲಿನಕ್ಸಿನ ಹೊಸ ಮಷೀನು, ಒಳಗೆ ಅದೇ ಪೋಸ್ಟ್‌ಫಿಕ್ಸ್, ಅದೇ ಡವ್‌ಕಾಟ್.

ಸಮಯದ ಬಗ್ಗೆ ಸ್ವಲ್ಪ ಯೋಚನೆ ಮಾಡಿದೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಆಮೇಲೆ ಮಾರ್ಚಿನ ತನಕ ರೊಬಸ್ಟಾ. ಆಗ ಯಾರೂ ಹೊಸದನ್ನು ಕಲಿಯುವ ಮನಸ್ಸಿನಲ್ಲಿರುವುದಿಲ್ಲ. ಜೂನ್ ಬಂತೆಂದರೆ ಕರೆಂಟ್, ನೆಟ್ ಎರಡನ್ನೂ ನಂಬುವಂತಿಲ್ಲ. ಉಳಿಯುವುದು ಏಪ್ರಿಲ್, ಮೇ. 2024ರ ಆ ಸಂದಿಯಲ್ಲೇ ಮುಗಿಸಿದ್ದು.

ಮೇಲ್ ಸಾಗಿಸುವ ಕೆಲಸ ನೆನೆಸಿಕೊಂಡಷ್ಟು ಕಷ್ಟವಾಗಲಿಲ್ಲ. ಹಳೆ ಪೆಟ್ಟಿಗೆಗಳು ಎಂಬಾಕ್ಸ್ ರೂಪದಲ್ಲಿದ್ದವು. ಒಂದು ಫೋಲ್ಡರಿನ ಎಲ್ಲಾ ಮೇಲ್ ಒಂದೇ ಫೈಲಿನಲ್ಲಿ. ನಡುವಿನಿಂದ ಒಂದು ಮೇಲ್ ಅಳಿಸಿದರೆ, ಲೆಕ್ಕದ ಪುಸ್ತಕದಲ್ಲಿ ಒಂದು ಹಾಳೆ ಹರಿದಿದ್ದಕ್ಕೆ ಇಡೀ ಪುಸ್ತಕ ಮತ್ತೆ ಬರೆದ ಹಾಗೆ. ಹೊಸದರಲ್ಲಿ ಮೇಲ್‌ಡಿರ್ ಇಟ್ಟೆ, ಮೇಲಿಗೊಂದು ಫೈಲು. ಸಾಗಿಸಲು ಇಮ್ಯಾಪ್‌ಸಿಂಕ್ ಎಂಬ ತಂತ್ರಾಂಶ ಬಿಟ್ಟು ಡವ್‌ಕಾಟಿನ ಸ್ವಂತ ಡಿಸಿಂಕ್ ಬಳಸಿದೆ. ಕಾರಣ ಇಷ್ಟೆ: ಪ್ರತಿ ಮೇಲಿಗೂ ಸರ್ವರ್ ಕೊಡುವ ಯುಐಡಿ ಎಂಬ ಸಂಖ್ಯೆ ಇರುತ್ತದೆ. ಕಂಪ್ಯೂಟರಿನಲ್ಲಿ ಮೇಲ್ ನೋಡುವ ಥಂಡರ್‌ಬರ್ಡ್, ಫೋನಿನ ಮೇಲ್ ಆಪ್ ಎಲ್ಲವೂ ಅದನ್ನೇ ನೋಡಿ "ಇದು ನನ್ನ ಹತ್ತಿರ ಇದೆ" ಅಂತ ಗುರುತಿಸುತ್ತವೆ. ಆ ಸಂಖ್ಯೆ ಬದಲಾದರೆ ಇಡೀ ಪೆಟ್ಟಿಗೆ ಮತ್ತೆ ಡೌನ್‌ಲೋಡ್. ಆಫೀಸಿನಲ್ಲಿ ಅದು ಯಾರಿಗೂ ಗೊತ್ತೂ ಆಗುವುದಿಲ್ಲ. ಕಳಸದ ಆಚೆಯ ತೋಟದಲ್ಲಿ ಕೂತವರಿಗೆ ಒಂದು ವಾರದ ಡೇಟಾ ಹೋಗಿಬಿಡುತ್ತದೆ. ಡಿಸಿಂಕ್ ಆ ಸಂಖ್ಯೆಯನ್ನು ಹಾಗೇ ಉಳಿಸಿಕೊಡುತ್ತದೆ.

ಪಾಸ್‌ವರ್ಡ್ ಕೂಡ ಯಾರೂ ಬದಲಿಸಬೇಕಾಗಿ ಬರಲಿಲ್ಲ. ಸೋಗೋಗೆ ಬಳಕೆದಾರರ ಪಟ್ಟಿ ಎಲ್‌ಡ್ಯಾಪ್ ಡೈರೆಕ್ಟರಿಯಲ್ಲೋ ಡೇಟಾಬೇಸಿನ ಎಸ್‌ಕ್ಯುಎಲ್ ಟೇಬಲ್ಲಿನಲ್ಲೋ ಬೇಕು. ಹಳೆ ಸರ್ವರಿನಲ್ಲಿದ್ದವು ಎಸ್‌ಎಚ್‌ಎ-512 ಹ್ಯಾಷ್‌ಗಳು, ಅಂದರೆ ಮೂಲ ಗೊತ್ತಾಗದಂತೆ ಬದಲಿಸಿಟ್ಟ ಪಾಸ್‌ವರ್ಡುಗಳು. ಅವನ್ನು ಹಾಗೇ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ತಂದೆ. ಡವ್‌ಕಾಟ್, ಸೋಗೋ ಎರಡಕ್ಕೂ ಆ ರೂಪ ಗೊತ್ತು.

ಕ್ಯಾಲೆಂಡರಿಗೆ ಬಂದ ಮೇಲೆ ಕೆಲಸ ಶುರುವಾಯಿತು. ಅದುವರೆಗೆ ನಮ್ಮಲ್ಲಿದ್ದದ್ದು ಗೋಡೆಯ ಕ್ಯಾಲೆಂಡರ್, ಒಂದು ಎಕ್ಸೆಲ್ ಶೀಟ್ ಮತ್ತು ವಾಟ್ಸಾಪ್. ಸ್ಕ್ವಿರಲ್‌ಮೇಲಿನಲ್ಲೂ ಒಂದು ಕ್ಯಾಲೆಂಡರ್ ಪ್ಲಗಿನ್ ಇತ್ತು, ಕೆಲವರು ನಿಷ್ಠೆಯಿಂದ ತುಂಬಿಸುತ್ತಿದ್ದರು. ಅದರದ್ದೆಲ್ಲ ಸಾದಾ ಟೆಕ್ಸ್ಟ್ ಫೈಲು. ಇನ್ನೊಬ್ಬರಿಗೆ ತೋರಿಸುವ ವ್ಯವಸ್ಥೆ ಇಲ್ಲ, ಆಹ್ವಾನ ಕಳಿಸುವಂತಿಲ್ಲ, ಟೈಮ್‌ಜೋನ್ ಅನ್ನುವ ಮಾತೇ ಇಲ್ಲ. ಅದನ್ನು ಕ್ಯಾಲೆಂಡರ್ ತಂತ್ರಾಂಶಗಳು ಓದುವ ಐಕ್ಯಾಲ್ (ಐಕ್ಯಾಲೆಂಡರ್) ಫೈಲಾಗಿ ಬದಲಿಸಲು ಪೈಥಾನಿನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದೆ.

ಈ ಐಕ್ಯಾಲೆಂಡರ್ ರೂಪದ ನಿಯಮ 1998ರದ್ದು, ಈಗ ನಡೆಯುತ್ತಿರುವುದು 2009ರ ಆರ್‌ಎಫ್‌ಸಿ 5545 ಎಂಬ ಇಂಟರ್ನೆಟ್ ಮಾನದಂಡ. ಅದರಲ್ಲಿ ಒಂದು ಸಾಲು 75 ಬೈಟ್ ಮೀರಬಾರದು ಅಂತಿದೆ. ಮೀರಿದರೆ ಮುರಿದು, ಮುಂದಿನ ಸಾಲನ್ನು ಒಂದು ಖಾಲಿ ಜಾಗದಿಂದ ಶುರು ಮಾಡಬೇಕು. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಎಲ್ಲಿ ಮುರಿದರೂ ನಡೆಯುತ್ತದೆ. ಕನ್ನಡದಲ್ಲಿ ಯುಟಿಎಫ್-8 ಪ್ರಕಾರ ಪ್ರತಿ ತುಣುಕಿಗೂ ಮೂರು ಬೈಟ್. "ಕ್ಷಿ" ಅನ್ನುವುದು ಕಣ್ಣಿಗೆ ಒಂದೇ ಅಕ್ಷರ, ಒಳಗೆ ಅದು ಕ, ವಿರಾಮ, ಷ, ಗುಡಿಸು ಅಂತ ನಾಲ್ಕು ತುಣುಕು, 12 ಬೈಟ್. ಸಭೆಯ ಶೀರ್ಷಿಕೆ ಇರುವ ಸಾಲಿನಲ್ಲಿ "ಸಮರಿ" (SUMMARY) ಎಂಬ ಇಂಗ್ಲಿಷ್ ಹೆಸರು ಮತ್ತು ಕೋಲನ್‌ಗೆ 8 ಬೈಟ್ ಹೋದರೆ ಉಳಿಯುವುದು 67. ಅದು ಮೂರರಿಂದ ಭಾಗವಾಗುವುದಿಲ್ಲ. ಬೈಟ್ ಲೆಕ್ಕ ಹಿಡಿದು ಕಣ್ಣುಮುಚ್ಚಿ ಮುರಿದರೆ ಒಂದು ತುಣುಕಿನ ಮೊದಲ ಬೈಟ್ ಮೇಲಿನ ಸಾಲಿಗೆ, ಉಳಿದೆರಡು ಕೆಳಗಿನ ಸಾಲಿಗೆ.

ನಿಯಮದ ಪ್ರಕಾರ ಓದುವ ತಂತ್ರಾಂಶ ಮೊದಲು ಸಾಲುಗಳನ್ನು ಜೋಡಿಸಿ ಆಮೇಲೆ ಅಕ್ಷರ ಬಿಡಿಸಿದರೆ ತೊಂದರೆಯಿಲ್ಲ. ಎಲ್ಲವೂ ಹಾಗೆ ಮಾಡುವುದಿಲ್ಲ. ಬೇರೊಂದು ತಂತ್ರಾಂಶದಿಂದ ನಮಗೆ ಬರುತ್ತಿದ್ದ ಫೈಲುಗಳಲ್ಲಿ "ಬೆಳೆಗಾರರ ಸಭೆ, ತೋಟಗಾರಿಕೆ ಇಲಾಖೆ" ಅಂತಿರಬೇಕಾದ ಕಡೆ ನಡುವೆ ಪ್ರಶ್ನೆ ಚಿಹ್ನೆಯ ಕಪ್ಪು ವಜ್ರಗಳು ಕಾಣುತ್ತಿದ್ದದ್ದು ಇದೇ ಕಾರಣಕ್ಕೆ. ಎಲ್ಲರೂ ಫಾಂಟ್ ಸರಿಯಿಲ್ಲ ಅಂತ ಬೈಯುತ್ತಿದ್ದರು, ಪಾಪ ಫಾಂಟಿನದ್ದೇನೂ ತಪ್ಪಿರಲಿಲ್ಲ. ನನ್ನ ಸ್ಕ್ರಿಪ್ಟಿನಲ್ಲಿ ತುಣುಕಿನ ಗಡಿಯಲ್ಲಷ್ಟೇ ಮುರಿಯುವಂತೆ ಬರೆದೆ. ನಾಲ್ಕೈದು ಸಾಲಿನ ಕೋಡು ಅಷ್ಟೆ. ಕನ್ನಡದಲ್ಲಿ ಕ್ಯಾಲೆಂಡರ್ ಫೈಲ್ ತಯಾರಿಸುವ ಯಾರೇ ಆದರೂ ಇದನ್ನು ಮೊದಲೇ ನೋಡಿಕೊಳ್ಳಿ.

ಟೈಮ್‌ಜೋನ್ ಇಲ್ಲದ ಹಳೆ ನಮೂದುಗಳಿಗೆಲ್ಲ "ಏಷ್ಯಾ/ಕೋಲ್ಕತ್ತಾ" ಅಂತ ಅಂಟಿಸಿದೆ. ಹಾಗೆ ಮಾಡದೆ ಅದನ್ನು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ ಅಂದುಕೊಂಡರೆ ಬೆಳಿಗ್ಗೆ 10ರ ಸಭೆ ಮಧ್ಯಾಹ್ನ 3:30ಕ್ಕೆ ಹೋಗಿ ಕೂರುತ್ತದೆ. ಇನ್ನು ಇಡೀ ದಿನದ ರಜೆಗಳು. ಇಲ್ಲಿ ಮುಕ್ತಾಯದ ದಿನ ಲೆಕ್ಕಕ್ಕೆ ಸೇರುವುದಿಲ್ಲ. ನವೆಂಬರ್ 1ರ ರಾಜ್ಯೋತ್ಸವ ಹಾಕಬೇಕೆಂದರೆ ಮುಕ್ತಾಯ ನವೆಂಬರ್ 2 ಅಂತ ಬರೆಯಬೇಕು. ರಾಜ್ಯೋತ್ಸವ, ಆಗಸ್ಟ್ 15, ಶನಿವಾರದ ಬಟವಾಡೆ ಇವಕ್ಕೆ "ಪ್ರತಿ ವರ್ಷ", "ಪ್ರತಿ ವಾರ" ಅಂತ ಒಂದು ಸಾಲಿನ ನಿಯಮ ಸಾಕು. ಯುಗಾದಿಗೆ ಅದು ಆಗುವುದಿಲ್ಲ. ಆ ನಿಯಮಕ್ಕೆ ಗೊತ್ತಿರುವುದು ಇಂಗ್ಲಿಷ್ ತಿಂಗಳು ಮಾತ್ರ, ಚೈತ್ರ ಶುದ್ಧ ಪಾಡ್ಯ ಅಲ್ಲ. ಹಾಗಾಗಿ ಹಬ್ಬಗಳ ಕ್ಯಾಲೆಂಡರ್ ಬೇರೆಯೇ ಇಟ್ಟು, ವರ್ಷಕ್ಕೊಮ್ಮೆ ಪಂಚಾಂಗ ನೋಡಿ ತುಂಬಿಸಿ ಎಲ್ಲರಿಗೂ ಓದಲು ಮಾತ್ರ ಹಂಚಿದ್ದೇನೆ.

ಜನ ಇದನ್ನು ನಿಜವಾಗಿ ಬಳಸಲು ಶುರು ಮಾಡಿದ್ದು ಎರಡು ಕಾರಣಕ್ಕೆ. ಮೊದಲನೆಯದು ಕಪ್ಪಿಂಗ್ ಕೋಣೆ. ರುಚಿ ನೋಡುವ ಮೇಜು ಇರುವುದು ಒಂದೇ. ಕ್ವಾಲಿಟಿಯವರು ಸ್ಯಾಂಪಲ್ ಹುರಿದು ತಂದರೆ ಅಲ್ಲಿ ಎಕ್ಸ್‌ಪೋರ್ಟಿನವರು ಅತಿಥಿಗಳನ್ನು ಕೂರಿಸಿಕೊಂಡಿರುತ್ತಿದ್ದರು. ಸೋಗೋದಲ್ಲಿ ಕೋಣೆ, ವಾಹನಗಳನ್ನೂ ಬಳಕೆದಾರರ ಹಾಗೆ ಸೇರಿಸಬಹುದು. ಕಪ್ಪಿಂಗ್ ಕೋಣೆಗೂ ಜೀಪಿಗೂ ಒಂದೊಂದು ಐಡಿ ಕೊಟ್ಟು, ಒಂದು ಹೊತ್ತಿಗೆ ಒಂದೇ ಬುಕಿಂಗ್ ಅಂತ ಮಿತಿ ಹಾಕಿದೆ. ಈಗ ಸಭೆಗೆ ಜನರನ್ನು ಕರೆಯುವಾಗಲೇ ಕೋಣೆಯನ್ನೂ ಕರೆಯುತ್ತಾರೆ. ಖಾಲಿ ಇದ್ದರೆ ಅದೇ ಒಪ್ಪಿಕೊಳ್ಳುತ್ತದೆ. ಇಲ್ಲದಿದ್ದರೆ ಬುಕಿಂಗ್ ಆಗುವುದಿಲ್ಲ. ನನ್ನ ಹತ್ತಿರ ಪಂಚಾಯ್ತಿಗೆ ಯಾರೂ ಬರುವುದಿಲ್ಲ.

ಎರಡನೆಯದು ಜರ್ಮನಿಯ ಖರೀದಿದಾರರ ಜೊತೆ ನಡೆಯುವ ವಾರದ ಕಾಲ್. ಅವರಿಗೆ ಯಾವಾಗಲೂ ಬೆಳಿಗ್ಗೆ 10 ಗಂಟೆ. ನಮಗೆ ಬೇಸಿಗೆಯಲ್ಲಿ 1:30, ಚಳಿಗಾಲದಲ್ಲಿ 2:30, ಯಾಕೆಂದರೆ ಅವರು ಗಡಿಯಾರ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ಪ್ರತಿ ಸಲ ಮಾರ್ಚ್ ಕೊನೆ, ಅಕ್ಟೋಬರ್ ಕೊನೆಗೆ ಯಾರೋ ಒಬ್ಬರು ಒಂದು ಗಂಟೆ ಸುಮ್ನೆ ಕಾಯುತ್ತಿದ್ದರು. ಆಹ್ವಾನ ಅವರ ಕಡೆಯಿಂದಲೇ, ಅವರ ಟೈಮ್‌ಜೋನಿನಲ್ಲೇ ಬರಲಿ ಅಂತ ಕೇಳಿಕೊಂಡೆವು. ಮೇಲ್ ತೆರೆದರೆ ಒಪ್ಪಿಗೆಯ ಬಟನ್ ಅಲ್ಲೇ ಇರುತ್ತದೆ, ಒತ್ತಿದರೆ ಕ್ಯಾಲೆಂಡರಿಗೆ ಹೋಗುತ್ತದೆ. 2024ರ ಅಕ್ಟೋಬರ್ 27ಕ್ಕೆ ಯೂರೋಪಿನಲ್ಲಿ ಗಡಿಯಾರ ಹಿಂದಕ್ಕೆ ಹೋಯಿತು, ನಮ್ಮಲ್ಲಿ ಕಾಲ್ ತಾನಾಗೇ 2:30ಕ್ಕೆ ಸರಿಯಿತು. ಎಕ್ಸ್‌ಪೋರ್ಟ್ ಮ್ಯಾನೇಜರ್ ಅವತ್ತು ಬಂದು ಕಾಫಿ ಕುಡಿಸಿದರು. ಕಾಫಿ ಕಂಪನಿಯಲ್ಲಿ ಅದೇನು ದೊಡ್ಡ ಖರ್ಚಲ್ಲ ಬಿಡಿ.

ಫೋನುಗಳ ಕಥೆ ಹೀಗಿದೆ. ಐಫೋನಿಗೆ ಕ್ಯಾಲ್‌ಡ್ಯಾವ್ ತಾನಾಗೇ ಗೊತ್ತು. ಸರ್ವರಿನಲ್ಲಿ ಫೋನು ಕ್ಯಾಲೆಂಡರ್ ಹುಡುಕಿಕೊಂಡು ಬರುವ "ವೆಲ್-ನೋನ್" ವಿಳಾಸವನ್ನು ಸೋಗೋ ಕಡೆಗೆ ತಿರುಗಿಸಿಟ್ಟರೆ ಮೇಲ್ ಐಡಿ, ಪಾಸ್‌ವರ್ಡ್ ಹಾಕಿದರೆ ಮುಗಿಯಿತು. ಆಂಡ್ರಾಯ್ಡಿಗೆ ಕ್ಯಾಲ್‌ಡ್ಯಾವ್ ತಾನಾಗಿ ಬರುವುದಿಲ್ಲ. ಡ್ಯಾವ್‌ಎಕ್ಸ್5 ಆಪ್ ಹಾಕಬೇಕು, ಇಲ್ಲವೇ ಆಕ್ಟಿವ್‌ಸಿಂಕ್ ಮೂಲಕ ಎಕ್ಸ್‌ಚೇಂಜ್ ಅಕೌಂಟ್ ಅಂತ ಸೇರಿಸಬೇಕು. ನಮ್ಮವರಿಗೆ ಎರಡನೆಯದೇ ಸಲೀಸು.

ಅದರಲ್ಲೊಂದು ಸೂಕ್ಷ್ಮವಿದೆ. ಆಕ್ಟಿವ್‌ಸಿಂಕಿನ ಫೋನು ಸರ್ವರಿಗೆ ಕರೆ ಮಾಡಿ, ಹೊಸ ಮೇಲ್ ಬರುವವರೆಗೆ ಲೈನ್ ಬಿಡದೆ ಕಾಯುತ್ತದೆ. ಹಾಗೆ ಕಾಯುವ ಪ್ರತಿ ಫೋನಿಗೂ ಸೋಗೋದ ಒಬ್ಬ ವರ್ಕರ್ (ಕೋರಿಕೆಗಳಿಗೆ ಉತ್ತರಿಸುವ ಪ್ರೋಗ್ರಾಂ) ಕಟ್ಟಿಬೀಳುತ್ತಾನೆ. ವರ್ಕರ್‌ಗಳ ಸಂಖ್ಯೆ ಫೋನುಗಳಿಗಿಂತ ಕಡಿಮೆ ಇದ್ದರೆ ಬ್ರೌಸರಿನಲ್ಲಿರುವವರಿಗೆ ಪುಟವೇ ತೆರೆಯುವುದಿಲ್ಲ. ಆದ್ದರಿಂದ ಫೋನುಗಳ ಸಂಖ್ಯೆಗೆ ಇನ್ನಷ್ಟು ಸೇರಿಸಿ ವರ್ಕರ್ ಇಟ್ಟೆ, ಅದಕ್ಕೆ ತಕ್ಕ ಹಾಗೆ ರ‍್ಯಾಮ್ ಕೂಡ. ಸೋಗೋದ ಮುಂದೆ ಕೂತ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಸುಮ್ಮನಿದ್ದ ಲೈನನ್ನು 60 ಸೆಕೆಂಡಿಗೆ ಕತ್ತರಿಸುತ್ತದೆ. ಆ ಮಿತಿಯನ್ನು ಸೋಗೋ ಫೋನನ್ನು ಕಾಯಿಸುವ ಪಿಂಗ್ ಅವಧಿಗಿಂತ ಜಾಸ್ತಿ ಮಾಡಬೇಕು. ಇಲ್ಲದಿದ್ದರೆ ಫೋನು ನಿಮಿಷಕ್ಕೊಮ್ಮೆ ಮತ್ತೆ ಮತ್ತೆ ಕರೆ ಮಾಡಿ ಬ್ಯಾಟರಿ ತಿನ್ನುತ್ತದೆ.

ರಜೆಯ ಉತ್ತರ, ಫಿಲ್ಟರ್‌ಗಳಿಗೆ ಡವ್‌ಕಾಟಿನ ಸೀವ್ ಇದೆ. ಅದರ ನಿಯಮಗಳನ್ನು ಹೊರಗಿನಿಂದ ಬದಲಿಸಲು ಬಿಡುವ ಮ್ಯಾನೇಜ್‌ಸೀವ್ 4190ನೇ ಪೋರ್ಟಿನಲ್ಲಿ ಸಿಕ್ಕರೆ ಸೋಗೋ ಉಳಿದದ್ದು ನೋಡಿಕೊಳ್ಳುತ್ತದೆ. ನಿಧಾನ ನೆಟ್ಟಿನ ತೋಟಗಳಿಗಾಗಿ ಪುಟವನ್ನು ಕುಗ್ಗಿಸಿ ಕಳಿಸುವ ಜಿಜಿಪ್ ಮತ್ತು ಒಮ್ಮೆ ಬಂದದ್ದನ್ನು ಬ್ರೌಸರಿನಲ್ಲೇ ಉಳಿಸಿಕೊಳ್ಳಲು ಹೇಳುವ ಕ್ಯಾಷ್ ಹೆಡರ್ ಹಾಕಿದೆ. ಮೊದಲ ಸಲ ತೆರೆಯಲು ಹೊತ್ತು ಹಿಡಿಯುತ್ತದೆ, ಆಮೇಲೆ ಪರವಾಗಿಲ್ಲ. ಅದೂ ಸಾಲದ ಕಡೆ ಥಂಡರ್‌ಬರ್ಡ್ ಹಾಕಿಕೊಟ್ಟಿದ್ದೇನೆ. 2020ರ 78ನೇ ಆವೃತ್ತಿಯಿಂದ ಅದರೊಳಗೇ ಕ್ಯಾಲೆಂಡರ್ ಇರುವುದರಿಂದ ನೆಟ್ ಹೋದರೂ ನೋಡಿದ್ದು ಕಾಣುತ್ತಿರುತ್ತದೆ. ಔಟ್‌ಲುಕ್ ಬಿಡಲೊಲ್ಲದ ಅಕೌಂಟ್ಸಿನ ಮೇಡಂಗೆ ಕ್ಯಾಲ್‌ಡ್ಯಾವ್ ಸಿಂಕ್ರನೈಸರ್ ಎಂಬ ಆಡ್-ಇನ್ ಹಾಕಿದೆ. ಔಟ್‌ಲುಕ್ಕಿಗೆ ತಾನಾಗಿ ಕ್ಯಾಲ್‌ಡ್ಯಾವ್ ಬರುವುದಿಲ್ಲ.

ಈಗ ಪಕ್ಕದ ಹಳೆ ಡೆಸ್ಕ್‌ಟಾಪಿನಲ್ಲಿ ಡೆಬಿಯನ್ 13 ಹಾಕಿ ನೋಡುತ್ತಿದ್ದೇನೆ. ಅದರಲ್ಲಿ ಬರುವುದು ಡವ್‌ಕಾಟ್ 2.4. ಸೆಟ್ಟಿಂಗ್ ಫೈಲಿನ ರೂಪವೇ ಬದಲಾಗಿದೆ, 2.3ರದ್ದನ್ನು ಹಾಗೇ ತಂದಿಟ್ಟರೆ ಸರ್ವರ್ ಏಳುವುದಿಲ್ಲ. ಪಾಸ್‌ವರ್ಡ್ ಟೇಬಲ್ಲಿನ ಭಾಗ ಹೊಸದಾಗಿ ಬರೆದಾಯಿತು, ಸೀವ್ ಭಾಗ ಬಾಕಿ ಇದೆ. ಮುಂದಿನ ಏಪ್ರಿಲ್‌ಗೆ ಇಟ್ಟುಕೊಂಡಿದ್ದೇನೆ.